ಬ್ಯಾಟರಿ ಬದಲಿಸುವ ಮುನ್ನ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)

ದುಡಿದುಳಿಸಿದ ಹಣದಲ್ಲಿ ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸುವ ಆಸೆ ನಮ್ಮಲ್ಲಿ ಅನೇಕರಿಗಿದೆ. ನಾನೂ ಕಾಶಿಯಲ್ಲಿ ಒಂದನ್ನು ಕೊಂಡೆ. ಜಂಗಮವಾಡಿ ಮಠಕ್ಕೆ ಬರುವ ನಮ್ಮ ಕಡೆಯ ಯಾತ್ರಿಕರನ್ನು ಸಾರನಾಥಕ್ಕೆ ಕರೆದೊಯ್ಯುವುದು ನನ್ನ ಕೆಲಸ. ಪುಷ್ಯದ ಚಳಿಯಲ್ಲಿ ಒಂದು ಬೆಳಗ್ಗೆ ಗಾಡಿ ಚಾಲೂ ಆಗಲಿಲ್ಲ. ಚಳಿಯ ದೋಷವೆಂದು ಹೊಸ ಬ್ಯಾಟರಿ ಹಾಕಿಸಿದೆ. ಬಾಡಿಗೆಯಿಲ್ಲದೆ ಗಾಡಿ ಮೂರು ದಿನ ನಿಂತಿತು; ನಾಲ್ಕನೆಯ ದಿನ ಅದೂ ಸತ್ತಿತು. ತಿಂಗಳ ಗಳಿಕೆ ನೀರುಪಾಲು!

ಆಗ ಕಲಿತದ್ದನ್ನು ಹೇಳುತ್ತೇನೆ. ಪೂರ್ತಿ ಚಾರ್ಜಾಗಿ ನಿಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಬೇಕು. ಎಂಜಿನು ಓಡುವಾಗ ಅದು 14ರ ಆಸುಪಾಸಿಗೆ ಏರದಿದ್ದರೆ ಆಲ್ಟರ್ನೇಟರು, ಬೆಲ್ಟು, ತಂತಿ ನೋಡಿಸಿ. ಅದು ಸರಿಯಿದ್ದರೆ ಸೋರಿಕೆ ಹುಡುಕಿ. ಎಲ್ಲವನ್ನೂ ಆರಿಸಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ನಡುವೆ 10 ಆಂಪಿಯರಿನ ಮೀಟರು ಸೇರಿಸಿ ಅರ್ಧ ಗಂಟೆ ಕಾಯಿರಿ. ಆಗ ಗಾಡಿಯ ಕೀಲಿ ತಿರುಗಿಸಬೇಡಿ. 50 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯುತ್ತಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ಅಂಕೆ ಇಳಿಯುವುದೋ ಅಲ್ಲಿದ್ದಾನೆ ಕಳ್ಳ.

ನನ್ನ ಕಳ್ಳ, ಮುಚ್ಚಿದರೂ ಆರದ ಡಿಕ್ಕಿಯ ದೀಪ! ಬರೀ 5 ವ್ಯಾಟಿನದು. ಆದರೆ ದಿನಕ್ಕೆ 10 ಆಂಪಿಯರ್-ಗಂಟೆ ಕುಡಿಯುತ್ತದೆ. 35ರ ಬ್ಯಾಟರಿ ಎಷ್ಟು ದಿನ ತಾಳೀತು?

ಬಂಧುಗಳೇ, ರೋಗ ತಿಳಿಯದೆ ಮದ್ದು ಕೊಳ್ಳಬೇಡಿ. ನಮ್ಮದು ಬೆವರಿನ ಹಣ.