ಒಂದಂಕದ ಸೋಲು

ಕುಸ್ತಿಯನ್ನು ನೋಡಿ ಬೆಳೆದ ನಮ್ಮಂಥವರಿಗೆ ಮುಷ್ಟಿಯುದ್ಧದ ತೀರ್ಪು ಮೊದಮೊದಲು ವಿಚಿತ್ರವಾಗಿ ತೋರುತ್ತದೆ. ಗರಡಿಯ ಮಣ್ಣಿಗೆ ಒಬ್ಬನ ಬೆನ್ನು ತಾಗಿತೆಂದರೆ ಮುಗಿಯಿತು. ಸೋತವನಿಗೂ ಸುತ್ತ ನೆರೆದವರಿಗೂ ಸಂಶಯ ಉಳಿಯುವುದಿಲ್ಲ. ಮುಷ್ಟಿಯುದ್ಧದಲ್ಲಾದರೋ, ಇಬ್ಬರೂ ಕಡೆಯ ಗಂಟೆಯವರೆಗೆ ಕಾಲಮೇಲೆ ನಿಂತೇ ಇದ್ದರೆ, ಕಣದ ಅಂಚಿನಲ್ಲಿ ಕುಳಿತ ಮೂವರು ತೀರ್ಪುಗಾರರ ಹಾಳೆಗಳು ಗೆದ್ದವನಾರೆಂದು ಹೇಳಬೇಕು. ಸುತ್ತೊಂದನ್ನು ಗೆದ್ದವನಿಗೆ 10 ಅಂಕ, ಸೋತವನಿಗೆ ಸಾಮಾನ್ಯವಾಗಿ 9. ಸಮವೆನಿಸಿದರೆ ಇಬ್ಬರಿಗೂ ಹತ್ತು ಹತ್ತು. ಹೀಗೆ ಕೂಡಿಸುತ್ತ ಹೋದಾಗ, ಮುಕ್ಕಾಲು ಗಂಟೆ ಹೊಡೆದಾಡಿದವನೊಬ್ಬ ಒಂದೇ ಅಂಕದಿಂದ ಸೋಲಬಹುದು. ಅಂಥ ಸೋಲನ್ನು ಕಟ್ಟಿಕೊಂಡು ಅವನು ಏನು ಮಾಡಬೇಕು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಪ್ರಸಂಗವನ್ನು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

1980ರ ಜೂನ್ 20. ಕೆನಡಾದ ಮಾಂಟ್ರಿಯಲ್ ನಗರದ ಒಲಿಂಪಿಕ್ ಕ್ರೀಡಾಂಗಣ. ನಾಲ್ಕು ವರ್ಷಗಳ ಹಿಂದೆ ಅದೇ ನಗರದಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ ಅಮೆರಿಕದ ಶುಗರ್ ರೇ ಲೆನಾರ್ಡ್ ಆಗ ವೆಲ್ಟರ್‌ವೇಟ್ ವರ್ಗದ ವಿಶ್ವ ಚಾಂಪಿಯನ್. 147 ಪೌಂಡು, ಅಂದರೆ ಸುಮಾರು ಅರವತ್ತಾರು ಮುಕ್ಕಾಲು ಕಿಲೋ, ಆ ವರ್ಗದ ಮೇಲ್ಮಿತಿ. ವೃತ್ತಿಜೀವನದ 27 ಸೆಣಸಾಟಗಳಲ್ಲಿ ಆತ ಒಂದನ್ನೂ ಸೋತಿರಲಿಲ್ಲ. ಎದುರಾಳಿ ಪನಾಮಾದ ರಾಬರ್ಟೊ ಡುರಾನ್. ಬಡವರ ಕೇರಿಯಲ್ಲಿ ಹುಟ್ಟಿ, ಬೀದಿಯಲ್ಲಿ ಬೆಳೆದು, ಮುಷ್ಟಿಯೊಂದನ್ನೇ ನಂಬಿ ಬಂದವನು. ಅವನ ಲೆಕ್ಕದಲ್ಲಿ 71 ಗೆಲುವು, ಒಂದು ಸೋಲು.

ಲೆನಾರ್ಡ್‌ನ ಬಲ ಇದ್ದದ್ದು ಕಾಲಿನಲ್ಲಿ ಮತ್ತು ಕೈಯ ವೇಗದಲ್ಲಿ. ದೂರ ನಿಂತು ಹೊಡೆದು, ಏಟು ತಾಗುವ ಮುನ್ನ ಪಕ್ಕಕ್ಕೆ ಸರಿಯುವುದು ಅವನ ವಿದ್ಯೆ. ಇದನ್ನು ಬಲ್ಲ ಡುರಾನ್ ಸೆಣಸಾಟಕ್ಕೆ ಮೊದಲೇ ಅವನನ್ನು ಹೀಯಾಳಿಸಿದ. ಅವನ ಹೆಂಡತಿಯನ್ನೂ ಬಿಡಲಿಲ್ಲ. ಲೆನಾರ್ಡ್ ಕೆರಳಿದ. ನಾನೂ ಗಂಡಸು, ನಿಂತೇ ಹೊಡೆದಾಡುತ್ತೇನೆ ಎಂದು ಹಟ ತೊಟ್ಟ. ಆ ಸೆಣಸಾಟದ ಚಿತ್ರವನ್ನು ನಾನು ಹಲವು ಬಾರಿ ನೋಡಿದ್ದೇನೆ. ಕಣದ ಹಗ್ಗಕ್ಕೆ ಬೆನ್ನೊತ್ತಿ, ಡುರಾನನ ಹಣೆ ತನ್ನ ಎದೆಗೆ ತಾಗುವಷ್ಟು ಹತ್ತಿರದಲ್ಲಿ, ಈತ ಏಟಿಗೆ ಏಟು ಕೊಡುತ್ತಾನೆ. ಧೈರ್ಯಕ್ಕೆ ಕೊರತೆಯಿಲ್ಲ. ಆದರೆ ಆಡುತ್ತಿರುವ ಆಟ ತನ್ನದಲ್ಲ.

ಹದಿನೈದು ಸುತ್ತು ಮುಗಿದವು. ಒಬ್ಬ ತೀರ್ಪುಗಾರ 145ಕ್ಕೆ 144, ಇನ್ನೊಬ್ಬ 146ಕ್ಕೆ 144 ಎಂದು ಡುರಾನನ ಪರವಾಗಿ ಬರೆದಿದ್ದರು. ಮೂರನೆಯವನ ಹಾಳೆಯೇ ಒಂದು ಕೌತುಕ. ಹದಿನೈದರಲ್ಲಿ ಹತ್ತು ಸುತ್ತುಗಳನ್ನು ಆ ಪುಣ್ಯಾತ್ಮ ಸಮವೆಂದೇ ಬರೆದಿದ್ದ! ಮೊದಲು ಅವನ ಹಾಳೆ 147ಕ್ಕೆ 147 ಎಂದು ಸಾರಲಾಯಿತು. ಮತ್ತೆ ಕೂಡಿಸಿ ನೋಡಿದಾಗ 148ಕ್ಕೆ 147, ಅದೂ ಡುರಾನನಿಗೇ. ಎರಡು ಹಾಳೆಗಳಲ್ಲಿ ಒಂದೊಂದು ಸುತ್ತು ಈಚೆಗೆ ವಾಲಿದ್ದರೆ ಪಟ್ಟ ಲೆನಾರ್ಡ್‌ನಲ್ಲೇ ಉಳಿಯುತ್ತಿತ್ತು.

ನನ್ನ ದೃಷ್ಟಿಯಲ್ಲಿ ಇಂಥ ಸೋಲಿನ ಅಪಾಯ ಇರುವುದು ಇಲ್ಲಿಯೇ. ನೆಲಕಚ್ಚಿ ಸೋತವನಿಗೆ ಕಲಿಯದೆ ಬೇರೆ ದಾರಿಯಿಲ್ಲ. ಕೂದಲೆಳೆಯ ಅಂತರದಲ್ಲಿ ಸೋತವನಿಗೆ ನೆಪಗಳು ಕೈಗೆಟಕುವಲ್ಲೇ ಇರುತ್ತವೆ: ತೀರ್ಪುಗಾರನ ಕಣ್ಣು, ಕೂಡಿಸುವಾಗಿನ ತಪ್ಪು, ಆ ಹಾಳು ಹತ್ತು ಸಮಸುತ್ತುಗಳು. ಆ ನೆಪಗಳು ಪೂರ್ತಿ ಸುಳ್ಳೂ ಅಲ್ಲ, ಅದೇ ಕಷ್ಟ. ಲೆನಾರ್ಡ್‌ಗೆ ಮೊದಲು ಈ ಕಸುಬೇ ಸಾಕೆನಿಸಿದ್ದುಂಟು. ಆಮೇಲೆ ಆತ ಕೇಳಿಕೊಂಡದ್ದು ತೀರ್ಪು ಸರಿಯೇ ಎಂದಲ್ಲ. ತೀರ್ಪುಗಾರರು ಅಷ್ಟು ತಿಣುಕುವಂತೆ ತಾನೇಕೆ ಹೊಡೆದಾಡಿದೆ ಎಂದು. ಡುರಾನನ ಯುದ್ಧವನ್ನು ನಾನು ಮಾಡಿದೆ ಎಂಬುದು ಆತ ಕಂಡುಕೊಂಡ ಉತ್ತರ. ಆ ರಾತ್ರಿ ಅವನ ಮೂಲೆಯಲ್ಲಿದ್ದ, ಮುಹಮ್ಮದ್ ಅಲಿಯನ್ನು ಪಳಗಿಸಿದ ಆಂಜೆಲೊ ಡಂಡಿಯದೂ ಅದೇ ಅಭಿಪ್ರಾಯ.

ಗೆದ್ದವನ ಕಡೆಯನ್ನೂ ನೋಡಬೇಕು. ಹಿಂದೊಮ್ಮೆ ಡುರಾನನೂ ಸೋಲಿನಿಂದ ಕಲಿತವನೇ. 1972ರ ನವೆಂಬರಿನಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಪೋರ್ಟೊರಿಕೋದ ಎಸ್ತೆಬಾನ್ ದೆ ಹೆಸೂಸ್ ಮೊದಲ ಸುತ್ತಿನಲ್ಲೇ ಅವನನ್ನು ಕೆಡವಿ, ಹತ್ತು ಸುತ್ತುಗಳ ಬಳಿಕ ಅಂಕಗಳಿಂದ ಗೆದ್ದಿದ್ದ. ಅವನ ಆ ಒಂದೇ ಸೋಲು ಇದು. 1974ರಲ್ಲಿ ಮತ್ತೆ ಎದುರಾದಾಗಲೂ ಮೊದಲ ಸುತ್ತಿನಲ್ಲಿ ಡುರಾನ್ ಬಿದ್ದ. ಆದರೆ ಎದ್ದು, ತಾಳ್ಮೆಯಿಂದ ದೇಹಕ್ಕೆ ಹೊಡೆಯುತ್ತ, ಹನ್ನೊಂದನೆಯ ಸುತ್ತಿನಲ್ಲಿ ಎದುರಾಳಿಯನ್ನು ಮುಗಿಸಿದ. ಅಂಥವನಿಗೆ ಮಾಂಟ್ರಿಯಲ್ಲಿನ ಒಂದಂಕದ ಗೆಲುವು ಏನನ್ನೂ ಕಲಿಸಲಿಲ್ಲ. ಔತಣದ ಮೇಲೆ ಔತಣ ನಡೆಯಿತು, ಮೈ ಊದಿತು. ಇದನ್ನು ತಿಳಿದೇ ಲೆನಾರ್ಡ್ ಕಡೆಯವರು ಮರುಸೆಣಸಾಟಕ್ಕೆ ಅವಸರಪಡಿಸಿದರು. ಇದು ಧರ್ಮಯುದ್ಧವೇ ಎಂದು ಕೆಲವರು ಕೇಳಬಹುದು. ಎದುರಾಳಿಯ ಹೊಟ್ಟೆಯನ್ನು ಅರಿಯುವುದೂ ಯುದ್ಧವಿದ್ಯೆಯ ಭಾಗವೆಂದು ನಾನು ತಿಳಿದಿದ್ದೇನೆ.

ಐದು ತಿಂಗಳಲ್ಲಿ, ನವೆಂಬರ್ 25ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು. ಆರಂಭಕ್ಕೆ ಹಾಡಿದವರು ಅಂಧ ಗಾಯಕ ರೇ ಚಾರ್ಲ್ಸ್. ಲೆನಾರ್ಡ್‌ಗೆ ತಾಯಿ ಇಟ್ಟಿದ್ದ ಹೆಸರೂ ಅವರದೇ. ಗಂಟೆ ಬಾರಿಸಿದಾಗ ಕಣದಲ್ಲಿ ಇದ್ದವನು ಬೇರೊಬ್ಬ ಲೆನಾರ್ಡ್. ಹಗ್ಗಕ್ಕೆ ಬೆನ್ನು ತಾಗುವ ಮೊದಲೇ ಹೊರಳಿ ಹೊರಬರುತ್ತಾನೆ. ಡುರಾನ್ ಮುನ್ನುಗ್ಗಿದ ಜಾಗದಲ್ಲಿ ಗಾಳಿ ಮಾತ್ರ ಇರುತ್ತದೆ. ಏಳನೆಯ ಸುತ್ತಿನಲ್ಲಿ ಬಲಗೈಯನ್ನು ಗಾಣದಂತೆ ತಿರುಗಿಸುತ್ತ ನಿಂತ. ಡುರಾನನ ಕಣ್ಣು ಅದರ ಮೇಲಿದ್ದಾಗ ಎಡಗೈ ಅವನ ಮೂಗಿಗೆ ಬಡಿಯಿತು. ಸಭೆ ನಕ್ಕಿತು. ಮಾಂಟ್ರಿಯಲ್ಲಿನಲ್ಲಿ ಯಾವ ಅಪಮಾನದಿಂದ ಈತ ಕೆರಳಿದ್ದನೋ ಅದೇ ಅಪಮಾನ ಈಗ ಆ ಕಡೆಗೆ ದಾಟಿತ್ತು. ಎಂಟನೆಯ ಸುತ್ತಿನ ಕಡೆಯಲ್ಲಿ ಡುರಾನ್ ಬೆನ್ನು ತಿರುಗಿಸಿ, ಸಾಕೆಂದು ಕೈಯಾಡಿಸಿದ. ಹೊಟ್ಟೆನೋವೆಂದು ಆಮೇಲೆ ಹೇಳಿದ. ‘ನೋ ಮಾಸ್’, ಇನ್ನು ಬೇಡ, ಎಂಬ ಮಾತು ಅವನ ಹೆಸರಿಗೆ ಅಂಟಿಕೊಂಡಿತು. ತಾನು ಹಾಗೆ ಹೇಳಲೇ ಇಲ್ಲವೆಂಬುದು ಅವನ ವಾದ.

ಏಕಪಕ್ಷೀಯವೆಂದು ಲೋಕವೆಲ್ಲ ನೆನೆಯುವ ಈ ಸೆಣಸಾಟದಲ್ಲಿ, ಅದು ನಿಂತಾಗ ತೀರ್ಪುಗಾರರ ಹಾಳೆಗಳಲ್ಲಿ ಇದ್ದ ಅಂಕಗಳು 68ಕ್ಕೆ 66, 68ಕ್ಕೆ 66, 67ಕ್ಕೆ 66. ಲೆನಾರ್ಡ್ ಮುಂದಿದ್ದದ್ದು ಎರಡಂಕ, ಎರಡಂಕ, ಒಂದಂಕ. ಆ ಹಾಳೆಗಳನ್ನು ನೋಡಿದರೆ ಡುರಾನ್ ಸೋತೇ ಇರಲಿಲ್ಲ.

ಅವನ ದೇಶದ ಜನ ಮುಖ ತಿರುಗಿಸಿದರು. 1982ರಲ್ಲಿ ಮತ್ತೆರಡು ಬಾರಿ ಅಂಕಗಳಿಂದ ಸೋತ. ಮುಗಿದವನೆಂದು ಪತ್ರಿಕೆಗಳು ಬರೆದವು. 1983ರ ಜೂನ್ 16, ತನ್ನ ಮೂವತ್ತೆರಡನೆಯ ಹುಟ್ಟುಹಬ್ಬದ ದಿನ, ಹಿಂದೆ ದೆ ಹೆಸೂಸ್ ಎದುರು ಸೋತಿದ್ದ ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವನು ಡೇವಿ ಮೂರ್ ಎಂಬ ಚಾಂಪಿಯನ್ನನನ್ನು ಎದುರಿಸಿದ. ಮೂರ್ ಅವನಿಗಿಂತ ಎಂಟು ವರ್ಷ ಚಿಕ್ಕವನು. ಆ ಸೆಣಸಾಟವೂ ಎಂಟನೆಯ ಸುತ್ತಿನಲ್ಲೇ ನಿಂತಿತು. ಗೆದ್ದವನು ಡುರಾನ್.