ಕುಡಿತ ಬಿಡಿಸುವ ಚಿಕಿತ್ಸೆಗೂ ಯೋಜನೆ ಬೇಕು

(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಹುಳುಗಳ ವಿಷಯ ತಿಳಿಸುವುದು ನನ್ನ ಕೆಲಸ. ನಾನು ಓದಿರುವುದೂ ಕೃಷಿ ಡಿಪ್ಲೊಮಾ. ಆದರೆ ಬೆಳೆ ಚೆನ್ನಾಗಿ ಬಂದರೂ ಮಾರಿದ ಹಣ ಮನೆ ಸೇರದೆ ಹೋಗುವುದನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ. ಆದ್ದರಿಂದ ಈ ದಿನ ಕುಡಿತದ ಚಟಕ್ಕೆ ಸರ್ಕಾರದಿಂದ ಚಿಕಿತ್ಸೆ ಹೇಗೆ ಏರ್ಪಡಬೇಕು, ಅದರಲ್ಲಿ ನಮ್ಮ ಪಾಲೇನು ಎಂದು ನಾಲ್ಕು ಮಾತು ಹೇಳುತ್ತೇನೆ. ಕುಡಿಯಬೇಡಿ ಎಂಬ ಉಪದೇಶವನ್ನು ನೀವು ಸಾಕಷ್ಟು ಕೇಳಿದ್ದೀರಿ. ಅದನ್ನು ಮತ್ತೆ ಹೇಳುವುದಿಲ್ಲ.

ಯೋಜನೆ ಎಂದರೇನು? ಮುಂಗಾರಿಗೆ ಮೊದಲೇ ಊರಿನಲ್ಲಿ ಎಷ್ಟು ಎಕರೆ ರಾಗಿ, ಎಷ್ಟು ಎಕರೆ ಕಡಲೆಕಾಯಿ ಎಂದು ಲೆಕ್ಕ ಹಾಕಿ ಬೀಜಕ್ಕೆ ಬೇಡಿಕೆ ಕಳಿಸುತ್ತೇವೆ. ಲೆಕ್ಕಕ್ಕೆ ಸೇರದ ಹೊಲಕ್ಕೆ ಬೀಜ ಬರುವುದಿಲ್ಲ. ಆಸ್ಪತ್ರೆಯ ಯೋಜನೆಯೂ ಹಾಗೆಯೇ. ಅದನ್ನು ತಯಾರಿಸುವ ಅಧಿಕಾರಿ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಚಿಕಿತ್ಸೆ ಬೇಕಾದವರು ಎಷ್ಟು ಮಂದಿ? ಅವರನ್ನು ಮೊದಲು ನೋಡುವವರು ಯಾರು? ಹಾಸಿಗೆ, ಔಷಧಿ ಎಷ್ಟು ಬೇಕು? ಮನೆಗೆ ಹಿಂತಿರುಗಿದ ಮೇಲೆ ವಿಚಾರಿಸುವವರು ಯಾರು?

ಮೊದಲನೆಯ ಪ್ರಶ್ನೆಗೆ ಒಂದು ಉತ್ತರವಿದೆ. ಕೇಂದ್ರ ಸರ್ಕಾರವು ದೆಹಲಿಯ ಏಮ್ಸ್ ಸಂಸ್ಥೆಯ ಮೂಲಕ ದೇಶದಾದ್ಯಂತ ಸಮೀಕ್ಷೆ ನಡೆಸಿ 2019ರಲ್ಲಿ ವರದಿ ಪ್ರಕಟಿಸಿತು. ಅದರಂತೆ 10ರಿಂದ 75 ವರ್ಷದವರೊಳಗೆ ಸಾವಿರಕ್ಕೆ ಸುಮಾರು 52 ಮಂದಿಗೆ ಮದ್ಯದ ತೊಂದರೆಗಾಗಿ ನೆರವು ಬೇಕು. ಇವರಲ್ಲಿ ಸುಮಾರು 27 ಮಂದಿ ಮದ್ಯಕ್ಕೆ ಪೂರ್ತಿ ಅಧೀನರಾದವರು. ಇಂಥ ಅಧೀನರಾದವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು 38 ಜನಕ್ಕೆ ಒಬ್ಬರಿಗೆ ಮಾತ್ರ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಇದು ದೇಶದ ಸರಾಸರಿ. ನಮ್ಮ ಊರಿನ ಲೆಕ್ಕ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಅದನ್ನು ನಾವೇ ತಿಳಿಸಬೇಕು. ನಾಚಿಕೆಯಿಂದ ಯಾರೂ ಆಸ್ಪತ್ರೆಗೆ ಹೋಗದಿದ್ದರೆ ಅಲ್ಲಿಯ ಪುಸ್ತಕದಲ್ಲಿ ನಮ್ಮ ಊರಿಗೆ ಕುಡಿತದ ಕಾಯಿಲೆಯೇ ಇಲ್ಲವೆಂದಾಗುತ್ತದೆ. ಔಷಧಿಗೆ ಬೇಡಿಕೆಯೂ ಹೋಗುವುದಿಲ್ಲ.

ಎರಡನೆಯದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗದ ಚಿಕಿತ್ಸೆಯಲ್ಲಿ ತರಬೇತಿ ಕೊಟ್ಟಿತು. ರೋಗಿ ದೂರದ ದೊಡ್ಡಾಸ್ಪತ್ರೆಗೆ ಅಲೆಯುವುದರ ಬದಲು ಹತ್ತಿರದಲ್ಲೇ ಔಷಧಿ ಪಡೆಯಲೆಂಬುದು ಉದ್ದೇಶ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಕುಡಿತದ ಚಿಕಿತ್ಸೆಗೂ ಮೊದಲ ಬಾಗಿಲು ಹತ್ತಿರದಲ್ಲೇ ಇರಬೇಕು.

ಮೂರನೆಯದು ಪ್ರಾಣದ ಪ್ರಶ್ನೆ. ಬಹಳ ಕಾಲದಿಂದ ದಿನವೂ ಹೆಚ್ಚಾಗಿ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ, ನಿದ್ರೆ ಕೆಡುತ್ತದೆ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾಗಬಹುದು. ಚಿಕಿತ್ಸೆ ಸಿಗದಿದ್ದರೆ ಸಾವೂ ಉಂಟು. ಇದನ್ನು ಗಾಳಿ ಸೋಕಿತೆಂದು ತಿಳಿಯಬೇಡಿ. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆಂದು ಹೊರಡಬೇಡಿ. ಊಟದಲ್ಲಿ ಗುಟ್ಟಾಗಿ ಪುಡಿ ಬೆರೆಸುವುದೂ ಅಪಾಯ. ಅದರಲ್ಲಿ ಮದ್ಯಕ್ಕೆ ಒಗ್ಗದ ಔಷಧಿಯಿದ್ದು, ಅರಿಯದೆ ಕುಡಿದರೆ ಜೀವಕ್ಕೇ ಮುಳುವಾದೀತು. ವೈದ್ಯರು ನಡುಕ, ಫಿಟ್ಸ್ ತಡೆಯಲು ಔಷಧಿಯನ್ನೂ ಥಯಾಮಿನ್ ಎಂಬ ಜೀವಸತ್ವವನ್ನೂ ಕೊಟ್ಟು ಈ ದಿನಗಳನ್ನು ದಾಟಿಸುತ್ತಾರೆ. ತೀವ್ರವಾದವರಿಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಹಾಸಿಗೆ ಬೇಕು.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಒಂದು ಸಾರಿ ಕಳೆ ಕಿತ್ತರೆ ಹೊಲ ಸ್ವಚ್ಛವಾಗಿ ಉಳಿಯುವುದಿಲ್ಲ. ವಾರದ ಚಿಕಿತ್ಸೆ ಮುಗಿಸಿ ಬಂದವರು ಹಬ್ಬದಲ್ಲೋ ಜಾತ್ರೆಯಲ್ಲೋ ಮತ್ತೆ ಕುಡಿದಾರು. ಹಾಗಾದರೆ ಚಿಕಿತ್ಸೆ ಕೆಟ್ಟಿತೆಂದಲ್ಲ, ಮತ್ತೆ ಕರೆದೊಯ್ಯಬೇಕೆಂದು ಅರ್ಥ. ಸಕ್ಕರೆ ಕಾಯಿಲೆಯವರು ತಿಂಗಳು ತಿಂಗಳೂ ವೈದ್ಯರಲ್ಲಿಗೆ ಹೋಗುವಂತೆ ಇವರೂ ಹೋಗಬೇಕು. ವರ್ಷಗಟ್ಟಲೆ ವಿಚಾರಣೆಗೆ ಜನವಿಲ್ಲದ ಯೋಜನೆ, ನೀರಿಲ್ಲದ ನಾಟಿ.

ಈಗ ನಮ್ಮ ಕೆಲಸ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯೊಳಗೆ ಸೇರಿಸಿದೆ. ಸರ್ಕಾರಿ ಸೇವೆಯಲ್ಲಿ ಇದಕ್ಕೆ ಚಿಕಿತ್ಸೆ ಪಡೆಯುವುದು ಹಕ್ಕು, ದಯೆಯಲ್ಲ. ಆಶಾ ಕಾರ್ಯಕರ್ತೆಯರೊಂದಿಗೆ ಮನೆಯ ಕಷ್ಟ ಹೇಳಿಕೊಳ್ಳಿ. ಮನೆಯಿಂದ ಹೊರಡಲು ಸಂಕೋಚವಿದ್ದರೆ ಟೆಲಿ ಮಾನಸ್ 14416ಕ್ಕೆ, ಇಲ್ಲವೆ ವ್ಯಸನಮುಕ್ತಿಯ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಹಣ ಕೊಡಬೇಕಾಗಿಲ್ಲ. ಪಂಚಾಯಿತಿ ಸದಸ್ಯರಲ್ಲಿ ಒಂದು ಕೋರಿಕೆ: ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಬರೆಸಿ. ಯಾರ ಹೆಸರೂ ಬೇಡ, ಸಂಖ್ಯೆ ಸಾಕು. ಆರೋಗ್ಯ ಕೇಂದ್ರದಲ್ಲಿ ಔಷಧಿ ಇದೆಯೇ, ತರಬೇತಿ ಪಡೆದ ವೈದ್ಯರು ಯಾವ ದಿನ ಸಿಗುತ್ತಾರೆ ಎಂದು ಪಂಚಾಯಿತಿಯಿಂದ ಕಾಗದ ಬರೆದು ಕೇಳಿ.

ಬೀಜ ಬೇಕೆಂದು ಕೇಳಲು ನಾವು ನಾಚುವುದಿಲ್ಲ. ಮನೆಯ ಯಜಮಾನನನ್ನೋ ಮಗನನ್ನೋ ಉಳಿಸಿಕೊಳ್ಳಲು ಔಷಧಿ ಕೇಳುವುದಕ್ಕೂ ನಾಚಬೇಕಾಗಿಲ್ಲ.