ನಮ್ಮ ಬಾಗಿಲಿನ ಮೂರು ಮೆಟ್ಟಿಲು

(ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ವರದಿ, ಲೆಕ್ಕಪತ್ರಗಳೆಲ್ಲ ಮುಗಿದ ಮೇಲೆ ನನಗೆ ಹತ್ತು ನಿಮಿಷ ಕೊಟ್ಟಿದ್ದೀರಿ. ಚಹ ಬರುವುದರೊಳಗೆ ಮುಗಿಸುತ್ತೇನೆ.

ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು, ನಮ್ಮ ವಾಚನಾಲಯಕ್ಕೆ ಮೊದಲನೆಯ ಕಪಾಟನ್ನು ಹೆಗಲ ಮೇಲೆ ಹೊತ್ತು ತಂದ ಹಿರಿಯರೊಬ್ಬರನ್ನು ನೀವೆಲ್ಲ ಬಲ್ಲಿರಿ. ಸಕ್ಕರೆ ಕಾಯಿಲೆಯಿಂದ ಅವರ ಒಂದು ಕಾಲನ್ನು ತೆಗೆಯಬೇಕಾಯಿತು. ಈ ಸಲದ ರಾಜ್ಯೋತ್ಸವಕ್ಕೆ ಗಾಲಿಕುರ್ಚಿಯಲ್ಲಿ ನಮ್ಮ ಬಾಗಿಲವರೆಗೆ ಬಂದರು. ನಾಲ್ವರು ಹುಡುಗರು ಓಡಿಹೋಗಿ, "ಎತ್ತಿಕೊಂಡು ಹೋಗುತ್ತೇವೆ, ಅಜ್ಜಾ" ಎಂದರು. "ಬೇಡ್ರಪ್ಪಾ, ನಾಲ್ಕು ಜನ ಹೊರುವ ದಿನ ನನಗಿನ್ನೂ ಬಂದಿಲ್ಲ" ಎಂದು ನಕ್ಕು ಹಿಂತಿರುಗಿಬಿಟ್ಟರು.

ಹುಡುಗರ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ತಪ್ಪು ಆ ಮೂರು ಮೆಟ್ಟಿಲನ್ನು ಕಟ್ಟಿಸಿದ ಸಮಿತಿಯದು. ಆ ಸಮಿತಿಯಲ್ಲಿ ನಾನೂ ಇದ್ದೆ.

ಕಾನೂನಿನ ಮಾತನ್ನು ಸ್ವಲ್ಪ ಕೇಳಿ. 1995ರ ಅಂಗವಿಕಲರ ಕಾಯಿದೆಯಲ್ಲೇ ಸಾರ್ವಜನಿಕ ಕಟ್ಟಡಗಳಿಗೆ ಇಳಿಜಾರು ಇರಬೇಕೆಂದು ಬರೆದಿತ್ತು. ಆದರೆ 'ಆರ್ಥಿಕ ಶಕ್ತಿಯ ಮಿತಿಯೊಳಗೆ' ಎಂಬ ಬಾಲವೂ ಅದಕ್ಕಿತ್ತು. ಸರಕಾರದ ಬೊಕ್ಕಸಕ್ಕೆ ಅಂಥ ಬಾಲ ಸಿಕ್ಕರೆ ಏನಾಗುವುದೆಂದು ಕಾರ್ಮಿಕರಾದ ನಮಗೆ ಹೇಳಬೇಕಾಗಿಲ್ಲ. 2016ರ ಕಾಯಿದೆ ಆ ಬಾಲವನ್ನು ಕತ್ತರಿಸಿ, ನಿಯಮಗಳು ಹೊರಟ 5 ವರ್ಷಗಳೊಳಗೆ ಹಳೆಯ ಕಟ್ಟಡಗಳೂ ಸರಿಯಾಗಬೇಕೆಂದಿತು. ನಿಯಮಗಳು 2017ರಲ್ಲಿ ಬಂದವು. ಗಡುವು 2022ರಲ್ಲಿ ತೀರಿತು. ಆ ನಿಯಮಗಳಲ್ಲಿನ ಪ್ರವೇಶದ ಅಳತೆಗಳು ಬರೀ ಸಲಹೆಯ ಹಾಗಿವೆ, ಕಡ್ಡಾಯದ ಕನಿಷ್ಠ ನಿಯಮಗಳನ್ನು ಮೂರು ತಿಂಗಳಲ್ಲಿ ಮಾಡಿರಿ ಎಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಆಜ್ಞಾಪಿಸಿತು. 'ಇದು ಸರಕಾರಿ ಕಚೇರಿಗಳಿಗೆ, ನಮಗಲ್ಲ' ಎನ್ನುವವರಿದ್ದಾರೆ. ಜನರು ಬಂದುಹೋಗುವ ಖಾಸಗಿ ಕಟ್ಟಡವೂ, ಸಾಂಸ್ಕೃತಿಕ ಕಾರ್ಯಕ್ರಮದ ಸ್ಥಳವೂ ಆ ಕಾಯಿದೆಯ ಅರ್ಥದಲ್ಲಿ ಸಾರ್ವಜನಿಕ ಕಟ್ಟಡವೇ. ಬೋನಸ್ಸನ್ನು ನಾವು ದಾನವೆಂದು ಕೇಳಿದವರಲ್ಲ. ಇದನ್ನೂ ಹಾಗೆಯೇ ತಿಳಿಯಿರಿ.

ಹಾಗೆಂದು ಒಂದು ಹಲಗೆ ಇಟ್ಟು ಕೈತೊಳೆದುಕೊಳ್ಳಬೇಡಿ. ಕಡಿದಾದ ಇಳಿಜಾರು ಮೆಟ್ಟಿಲಿಗಿಂತ ಅಪಾಯ. ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಲೆಕ್ಕ. ನಮ್ಮ ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ. ಎಂದರೆ ಹದಿನೆಂಟು ಅಡಿ ಬೇಕು. ನೇರವಾಗಿ ಹೋದರೆ ಬೀದಿಗೆ ಬೀಳುತ್ತದೆ. ಗೋಡೆಯ ಪಕ್ಕದಲ್ಲಿ ಸಾಗಿಸಿ, ನಡುವೆ ಕುರ್ಚಿ ತಿರುಗುವಷ್ಟು ಸಮತಟ್ಟು ಬಿಟ್ಟು, ಮಡಿಸಿ ತರಬಹುದು. ಎರಡೂ ಬದಿಗೆ ಹಿಡಿಕಂಬಿ ಬೇಕು. ಅದು ಮಂಡಿನೋವಿನ ನಮಗೂ ಆದೀತು. ಪಾಯಿಖಾನೆಯ ಬಾಗಿಲು ಎರಡಡಿಯೂ ಇಲ್ಲ. ಅದನ್ನು ಮೂರಡಿ ಮಾಡಬೇಕು. ಕಣ್ಣು ಕಾಣದ ಸದಸ್ಯರಿಗಾಗಿ ಅಂಗಳದಲ್ಲಿ ಅಡ್ಡಾದಿಡ್ಡಿ ನಿಲ್ಲಿಸುವ ಮೋಟಾರು ಸೈಕಲುಗಳನ್ನು ಬೇರೆಡೆ ನಿಲ್ಲಿಸಿದರೆ ಸಾಕು, ಅದಕ್ಕೆ ಖರ್ಚೇ ಇಲ್ಲ.

ಈ ವರ್ಷ ವೇದಿಕೆಯ ಹೊಸ ಪರದೆಗಳಿಗೆ ತೆಗೆದಿರಿಸಿದ ಹಣವನ್ನು ಈ ಕೆಲಸಕ್ಕೆ ಕೊಡಬೇಕೆಂದು ಠರಾವು ಮಂಡಿಸುತ್ತೇನೆ. ನಾಟಕದ ಮಿತ್ರರು ಮುನಿಯಬಾರದು. ಗಾರೆ ಕೆಲಸ ಬಲ್ಲವರು ನಮ್ಮಲ್ಲೇ ಐದಾರು ಜನ ಇದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಅಳತೆ ಪಟ್ಟಿ ಹಿಡಿದು ಬನ್ನಿ, ನಾನೂ ಬರುತ್ತೇನೆ. ಎಲ್ಲಿ ಮಡಿಸಬೇಕೆಂದು ಕೇಳಲು ಆ ಅಜ್ಜನವರನ್ನೂ ಕರೆದಿದ್ದೇನೆ.